ಬಾಯಿ ಕಟ್ಟದೆ ತೂಕ ಇಳಿಯುತ್ತದೆಯೇ?

ಪ್ರಶ್ನೆ: ನನಗೆ 43 ವರ್ಷ. ಎತ್ತರ 165 ಸೆಂಟಿಮೀಟರ್, ತೂಕ 84 ಕಿಲೋ. ದಿನಕ್ಕೆ ಒಂಬತ್ತು ಗಂಟೆ ಕಂಪ್ಯೂಟರ್ ಮುಂದೆ ಕುಳಿತು ಮಾಡುವ ಕೆಲಸ. ಆರು ವರ್ಷಗಳಲ್ಲಿ ಮೂರು ಸಲ ಕಟ್ಟುನಿಟ್ಟಿನ ಡಯಟ್ ಮಾಡಿದೆ. ಪ್ರತಿ ಸಲವೂ ಎಂಟೊಂಬತ್ತು ಕಿಲೋ ಇಳಿಯಿತು. ವರ್ಷ ತುಂಬುವುದರೊಳಗೆ ಇಳಿದದ್ದೆಲ್ಲ ಬಡ್ಡಿ ಸಮೇತ ವಾಪಸು ಬಂತು. ಈಗ ಮಂಡಿ ನೋಯುತ್ತದೆ. ಖಾಲಿ ಹೊಟ್ಟೆಯ ಸಕ್ಕರೆ 112 ಬಂದಿದೆ. ಇನ್ನೊಮ್ಮೆ ಡಯಟ್ ಮಾಡುವ ಚೈತನ್ಯ ಉಳಿದಿಲ್ಲ. ನನಗೆ ಮನೋಬಲವಿಲ್ಲ ಎಂದು ಮನೆಯವರು ಹೇಳುತ್ತಾರೆ, ನನಗೂ ಹಾಗೆಯೇ ಅನ್ನಿಸತೊಡಗಿದೆ. ಪಥ್ಯವಿಲ್ಲದೆ ತೂಕ ಇಳಿಸುವ ದಾರಿ ನಿಜಕ್ಕೂ ಇದೆಯೇ?

ಉತ್ತರ: ಮನೋಬಲದ ಮಾತನ್ನು ಮೊದಲು ಇತ್ಯರ್ಥ ಮಾಡಿಕೊಳ್ಳೋಣ. ಮೂರು ಸಲ ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದು, ಕಚೇರಿ ಕೆಲಸವನ್ನೂ ಮಾಡಿಕೊಂಡು ಹೋದವರಿಗೆ ಮನೋಬಲವಿಲ್ಲವೆಂದರೆ ಆ ಪದಕ್ಕೆ ಅರ್ಥವೇ ಉಳಿಯುವುದಿಲ್ಲ. ಸೋತದ್ದು ನೀವು ಹಿಡಿದ ವಿಧಾನ. ಅದು ಹೇಗೆ ಸೋಲುತ್ತದೆ ಎಂಬುದು ಎಂಬತ್ತು ವರ್ಷಗಳಿಂದ ಗೊತ್ತಿರುವ ಸಂಗತಿ.

1944ರ ಕೊನೆಯಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು ಸೇರಿಸಿ ಒಂದು ಪ್ರಯೋಗ ಆರಂಭಿಸಿದರು. ಯುದ್ಧದಲ್ಲಿ ಹಸಿದು ಬಳಲಿದ ಜನರನ್ನು ಮತ್ತೆ ಊಟಕ್ಕೆ ಹೊಂದಿಸುವುದು ಹೇಗೆ ಎಂದು ತಿಳಿಯುವುದು ಅದರ ಉದ್ದೇಶ. ಮೊದಲು ಕೆಲವು ವಾರ ಹೊಟ್ಟೆ ತುಂಬ ಊಟ. ಆಮೇಲೆ 24 ವಾರ ದಿನಕ್ಕೆ ಸುಮಾರು 1,570 ಕ್ಯಾಲೊರಿ ಮಾತ್ರ. ಇಂದು ಕೈಯಿಂದ ಕೈಗೆ ಓಡಾಡುವ ಎಷ್ಟೋ ಡಯಟ್ ಪಟ್ಟಿಗಳಲ್ಲಿ ಇರುವುದು ಇದಕ್ಕಿಂತಲೂ ಕಡಿಮೆ ಎಂಬುದನ್ನು ನೆನಪಿಡಿ. ಆ ಯುವಕರು ತಮ್ಮ ತೂಕದ ಸುಮಾರು ಕಾಲುಭಾಗ ಕಳೆದುಕೊಂಡರು. ಆದರೆ ನನಗೆ ಹೆಚ್ಚು ಮುಖ್ಯವೆನಿಸುವುದು ಅವರ ನಡವಳಿಕೆ. ಊಟ ಬಿಟ್ಟು ಬೇರೆ ಯೋಚನೆಯೇ ಅವರಿಗೆ ಬರುತ್ತಿರಲಿಲ್ಲ. ಅಡುಗೆ ಪುಸ್ತಕಗಳನ್ನು ಕೂಡಿಹಾಕಿ ಓದತೊಡಗಿದರು, ತಟ್ಟೆ ನೆಕ್ಕಿದರು, ಸಿಡುಕಿದರು, ಮಂಕಾದರು, ಸದಾ ಚಳಿ ಎಂದು ಮುದುಡಿಕೊಂಡರು. ಪ್ರಯೋಗ ಮುಗಿದು ಬೇಕಾದಷ್ಟು ತಿನ್ನಲು ಬಿಟ್ಟಾಗ, ಹೊಟ್ಟೆ ಬಿರಿಯುವಂತೆ ತಿಂದ ಮೇಲೂ ಹಸಿವು ಹೋಗಲಿಲ್ಲ ಎಂದರು. ಅವರ ಮೈಯಲ್ಲಿ ಮರಳಿ ತುಂಬಿದ ಕೊಬ್ಬು ಮೊದಲಿದ್ದುದಕ್ಕಿಂತ ಹೆಚ್ಚೇ ಇತ್ತು. ನೀವು ಹೇಳಿದ ಬಡ್ಡಿ ಇದೇ.

ಇದರ ಹಿಂದಿನ ಕಾರ್ಯವಿಧಾನ ಈಗ ಸಾಕಷ್ಟು ತಿಳಿದಿದೆ. ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನನ್ನು ಹೊರಬಿಡುತ್ತವೆ, 1994ರಲ್ಲಿ ಪತ್ತೆಯಾದದ್ದು. ಉಗ್ರಾಣದಲ್ಲಿ ದಾಸ್ತಾನು ಎಷ್ಟಿದೆ ಎಂದು ಮಿದುಳಿಗೆ ವರದಿ ಒಪ್ಪಿಸುವುದು ಅದರ ಕೆಲಸ. ಕೊಬ್ಬು ಸರಸರನೆ ಕರಗಿದರೆ ಲೆಪ್ಟಿನ್ ಕುಸಿಯುತ್ತದೆ, ಮಿದುಳು ಅದನ್ನು ಬರಗಾಲವೆಂದೇ ಓದಿಕೊಳ್ಳುತ್ತದೆ. ಮುಂದಿನ ತಿಂಗಳು ಮದುವೆಯಿದೆ, ಬಟ್ಟೆ ಹಿಡಿಸಬೇಕು ಎಂಬುದು ಅದಕ್ಕೆ ಹೇಗೆ ಗೊತ್ತಾಗಬೇಕು? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಮತ್ತು ಸಂಗಡಿಗರು ಹಾಕಿದ ಲೆಕ್ಕದ ಪ್ರಕಾರ, ಇಳಿದ ಪ್ರತಿ ಒಂದು ಕಿಲೋಗೆ ಹಸಿವು ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ, ಮೈ ಖರ್ಚು ಮಾಡುವ ಶಕ್ತಿ 20ರಿಂದ 30 ಕ್ಯಾಲೊರಿಯಷ್ಟು ಇಳಿಯುತ್ತದೆ. ನೀವು ಒಂಬತ್ತು ಕಿಲೋ ಇಳಿಸಿದಾಗ ಪ್ರತಿದಿನ ಸುಮಾರು 900 ಕ್ಯಾಲೊರಿಯಷ್ಟು ಹೆಚ್ಚಿನ ಹಸಿವನ್ನು ಹತ್ತಿಕ್ಕುತ್ತಿದ್ದಿರಿ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ. ಆ ಎಳೆದಾಟದಲ್ಲಿ ನೀವು ಎರಡು ಮೂರು ತಿಂಗಳು ನಿಂತದ್ದೇ ದೊಡ್ಡದು.

ಹಾಗಾದರೆ ನಿಮ್ಮ ಪ್ರಶ್ನೆಗೆ ಉತ್ತರ: ಹೌದು, ದಾರಿಯಿದೆ. ಒಂದು ಷರತ್ತಿನೊಂದಿಗೆ. ಹಸಿವನ್ನು ಎಬ್ಬಿಸದ ಬದಲಾವಣೆಗಳನ್ನು ಮಾತ್ರ ಮಾಡಬೇಕು, ಮತ್ತು ಅವು ಐದು ವರ್ಷದ ನಂತರವೂ ನೀವು ಮಾಡುತ್ತಿರಬಹುದಾದಂಥವು ಆಗಿರಬೇಕು. ಯಾರಾದರೂ ಯಾವುದೇ ಕ್ರಮ ಹೇಳಿದಾಗ ಈ ಎರಡನೆಯ ಮಾತನ್ನು ಕೇಳಿಕೊಳ್ಳಿ. ಇಲ್ಲವೆಂದಾದರೆ ಮೊದಲ ದಿನವೇ ಕೈಬಿಡಿ, ಸಮಯವಾದರೂ ಉಳಿಯುತ್ತದೆ.

ಈಗ ನಿರೀಕ್ಷೆಯ ಲೆಕ್ಕ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇದೆ, ದಿನಕ್ಕೆ ಇಷ್ಟು ಕಡಿಮೆ ಮಾಡಿದರೆ ತಿಂಗಳಿಗೆ ಇಷ್ಟು ಇಳಿಯುತ್ತದೆ ಎಂಬ ಭಾಗಾಕಾರವನ್ನು ನೀವು ನೋಡಿರುತ್ತೀರಿ. ಕಾಗದದ ಮೇಲೆ ಅದು ಚೆನ್ನಾಗಿ ಕಾಣುತ್ತದೆ. ಮೈ ಇಳಿದಂತೆ ಖರ್ಚೂ ಇಳಿಯುವುದರಿಂದ ವಾಸ್ತವದಲ್ಲಿ ಹಾಗೆ ನಡೆಯುವುದಿಲ್ಲ. ಅದೇ ಹಾಲ್ ತಂಡ ಕೊಟ್ಟ ಹೆಚ್ಚು ಪ್ರಾಮಾಣಿಕ ಸೂತ್ರ ಹೀಗಿದೆ: ದಿನನಿತ್ಯದ ಆಹಾರದಲ್ಲಿ ಶಾಶ್ವತವಾಗಿ ತಗ್ಗಿದ ಪ್ರತಿ 24 ಕ್ಯಾಲೊರಿಗೆ ಕೊನೆಗೆ ಒಂದು ಕಿಲೋ ಇಳಿಯುತ್ತದೆ, ಅದರ ಅರ್ಧಭಾಗ ಇಳಿಯಲು ಸುಮಾರು ಒಂದು ವರ್ಷ ಬೇಕು, ಬಹುಪಾಲು ಇಳಿಯಲು ಮೂರು ವರ್ಷ. ಅಂದರೆ ದಿನಕ್ಕೆ 200 ಕ್ಯಾಲೊರಿ ಕಡಿಮೆಯಾದರೆ ನಿಮಗೆ ಒಂದು ವರ್ಷದಲ್ಲಿ ಸುಮಾರು ನಾಲ್ಕು ಕಿಲೋ, ಮೂರು ವರ್ಷದಲ್ಲಿ ಎಂಟರ ಹತ್ತಿರ.

ವರ್ಷಕ್ಕೆ ನಾಲ್ಕೇ ಕಿಲೋ ಎಂದು ಮುಖ ಸಪ್ಪಗೆ ಮಾಡಿಕೊಳ್ಳಬೇಡಿ. ನಾಲ್ಕು ಕಿಲೋ ಎಂದರೆ ನಿಮ್ಮ ತೂಕದ ಶೇಕಡ 5. ರಕ್ತದೊತ್ತಡ, ಸಕ್ಕರೆ, ಯಕೃತ್ತಿನ ಕೊಬ್ಬು ಇವೆಲ್ಲ ಕಣ್ಣಿಗೆ ಕಾಣುವಂತೆ ಸುಧಾರಿಸಲು ಶುರುವಾಗುವುದು ಇಲ್ಲಿಂದಲೇ. ಮಂಡಿಯ ಸಂಧಿವಾತವಿದ್ದವರಲ್ಲಿ ಮಾಡಿದ ಅಳತೆಗಳ ಪ್ರಕಾರ, ಮೈಯಿಂದ ಇಳಿದ ಒಂದು ಕಿಲೋ ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆಯನ್ನು ಸುಮಾರು ನಾಲ್ಕು ಕಿಲೋ ತಗ್ಗಿಸುತ್ತದೆ. ನಿಮ್ಮ 112 ಎಂಬ ಅಂಕಿ ಮಧುಮೇಹದ ಹೊಸ್ತಿಲು. ಮನೆಯೊಳಗೆ ಇನ್ನೂ ಕಾಲಿಟ್ಟಿಲ್ಲ. 2002ರಲ್ಲಿ ಪ್ರಕಟವಾದ ಅಮೆರಿಕದ ಮಧುಮೇಹ ತಡೆ ಅಧ್ಯಯನದಲ್ಲಿ ಇಂಥ ಹೊಸ್ತಿಲಲ್ಲಿದ್ದ 3,234 ಜನರಿದ್ದರು. ಅವರಲ್ಲಿ ಒಂದು ಗುಂಪಿಗೆ ಕೊಟ್ಟ ಗುರಿ ತೂಕದಲ್ಲಿ ಶೇಕಡ 7 ಇಳಿತ, ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆ. ಸುಮಾರು ಮೂರು ವರ್ಷದಲ್ಲಿ ಆ ಗುಂಪಿನಲ್ಲಿ ಮಧುಮೇಹ ಶೇಕಡ 58ರಷ್ಟು ಕಡಿಮೆ ಕಂಡಿತು. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶೇಕಡ 31. ಅವರಿಗೆ ಬೆನ್ನ ಹಿಂದೆ ತರಬೇತುದಾರರಿದ್ದರು, ಊಟದ ಲೆಕ್ಕವನ್ನೂ ಇಡುತ್ತಿದ್ದರು ಎಂಬುದು ನಿಜ. ಆದರೂ ಇಳಿದ ಒಂದೊಂದು ಕಿಲೋಗೂ ಅಪಾಯ ಸುಮಾರು ಶೇಕಡ 16ರಷ್ಟು ತಗ್ಗಿದ್ದು ಆಮೇಲಿನ ವಿಶ್ಲೇಷಣೆಯಲ್ಲಿ ಕಂಡಿತು. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ನಿಮ್ಮ ಮೊದಲ ಎರಡು ಕಿಲೋಗೆ ಇರುವಷ್ಟು ಬೆಲೆ ಕೊನೆಯ ಎರಡು ಕಿಲೋಗೆ ಇಲ್ಲ.

ಆ 200 ಕ್ಯಾಲೊರಿಯನ್ನು ಎಲ್ಲಿಂದ ತೆಗೆಯುವುದು? ನಾನು ಮೊದಲು ನೋಡುವುದು ಲೋಟವನ್ನು, ತಟ್ಟೆಯನ್ನಲ್ಲ. ಕುಡಿದ ಸಕ್ಕರೆಯನ್ನು ಹೊಟ್ಟೆ ಲೆಕ್ಕಕ್ಕೇ ಹಿಡಿಯುವುದಿಲ್ಲ. 2000ದಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ 15 ಜನರಿಗೆ ದಿನಕ್ಕೆ 450 ಕ್ಯಾಲೊರಿಯನ್ನು ನಾಲ್ಕು ವಾರ ಜೆಲ್ಲಿ ಮಿಠಾಯಿಯ ರೂಪದಲ್ಲಿ, ಇನ್ನು ನಾಲ್ಕು ವಾರ ಸಿಹಿ ಪಾನೀಯದ ರೂಪದಲ್ಲಿ ಕೊಟ್ಟರು. ಮಿಠಾಯಿ ತಿಂದ ದಿನಗಳಲ್ಲಿ ಅವರು ತಮಗೆ ಗೊತ್ತಿಲ್ಲದೆಯೇ ಉಳಿದ ಊಟವನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡಿದರು. ಪಾನೀಯ ಕುಡಿದ ದಿನಗಳಲ್ಲಿ ಏನೂ ಕಡಿಮೆ ಮಾಡಲಿಲ್ಲ. ಅಷ್ಟೂ ಹೆಚ್ಚುವರಿಯಾಗಿಯೇ ಒಳಹೋಯಿತು. ನೀವು ದಿನಕ್ಕೆ ನಾಲ್ಕು ಲೋಟ ಚಹಾ ಕುಡಿದು, ಒಂದೊಂದಕ್ಕೂ ಎರಡು ಚಮಚ ಸಕ್ಕರೆ ಹಾಕಿಕೊಳ್ಳುವವರಾದರೆ 32 ಗ್ರಾಂ ಸಕ್ಕರೆ, ಸುಮಾರು 130 ಕ್ಯಾಲೊರಿ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಒಳ್ಳೆಯದೆಂದು ಹೇಳುವ ಮಿತಿ ಸುಮಾರು 25 ಗ್ರಾಂ. ನಾಳೆಯಿಂದ ಸಕ್ಕರೆಯೇ ಬೇಡ ಎಂದು ಶಪಥ ಮಾಡಬೇಡಿ, ಆರಂಭಶೂರತ್ವ ನಮಗೆ ಬೇಕಾಗಿಲ್ಲ. ಎರಡು ವಾರಕ್ಕೊಮ್ಮೆ ಅರ್ಧ ಚಮಚ ಕಡಿಮೆ ಮಾಡುತ್ತ ಹೋಗಿ. ನಾಲಿಗೆ ಮೆಲ್ಲಗೆ ಒಗ್ಗಿಕೊಳ್ಳುತ್ತದೆ, ಎರಡು ತಿಂಗಳ ನಂತರ ಹಳೆಯ ಚಹಾ ನಿಮಗೇ ಪಾಯಸದಂತೆ ಅನ್ನಿಸುತ್ತದೆ. ಹಣ್ಣಿನ ರಸವೂ ಲೋಟದ ಲೆಕ್ಕಕ್ಕೇ ಸೇರುತ್ತದೆ. ಹಣ್ಣನ್ನು ಹಲ್ಲಿನಿಂದ ಕಚ್ಚಿ ತಿನ್ನಿ. ಮದ್ಯ ಕುಡಿಯುವ ರೂಢಿಯಿದ್ದರೆ, ಒಂದು ಗ್ರಾಂ ಆಲ್ಕೊಹಾಲ್‌ಗೆ 7 ಕ್ಯಾಲೊರಿ ಎಂಬುದೂ, ಅದರ ಜೊತೆಗೆ ಬರುವ ಕುರುಕಲು ತಿಂಡಿಗೆ ಬೇರೆ ಲೆಕ್ಕ ಎಂಬುದೂ ನೆನಪಿರಲಿ.

ಎರಡನೆಯದು ಎಣ್ಣೆ. ಇದರಲ್ಲಿ ಯಾರ ನಾಲಿಗೆಗೂ ಗೊತ್ತಾಗದಂತೆ ಕೈ ಹಿಡಿಯಬಹುದು. ಒಂದು ಟೇಬಲ್ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. ಡಬ್ಬಿಯಿಂದ ನೇರವಾಗಿ ಬಾಣಲೆಗೆ ಸುರಿಯುವಾಗ ಎಷ್ಟು ಬಿತ್ತು ಎಂದು ಯಾರೂ ಅಳೆಯುವುದಿಲ್ಲ. ನಾನು ಜನರಿಗೆ ಹೇಳುವುದು ಇಷ್ಟೇ: ಹೊಸ ಎಣ್ಣೆ ಒಡೆದ ದಿನಾಂಕವನ್ನು ಪ್ಯಾಕೆಟ್ಟಿನ ಮೇಲೆ ಪೆನ್ನಿನಿಂದ ಬರೆಯಿರಿ. ನಾಲ್ಕು ಜನರ ಮನೆಯಲ್ಲಿ ಒಂದು ಲೀಟರ್ ಎಂಟು ದಿನಕ್ಕೆ ಮುಗಿದರೆ ತಲೆಗೆ ದಿನಕ್ಕೆ ಸುಮಾರು 29 ಗ್ರಾಂ, 260 ಕ್ಯಾಲೊರಿ. ಅದೇ ಲೀಟರ್ ಹನ್ನೆರಡು ದಿನ ಬಂದರೆ 170ರ ಆಸುಪಾಸು. ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಅಳೆದು ಹಾಕಿದ್ದಕ್ಕೆ ದಿನಕ್ಕೆ 90 ಕ್ಯಾಲೊರಿ ಉಳಿಯಿತು, ಯಾರೂ ಹಸಿಯಲಿಲ್ಲ. ಲೋಟ ಮತ್ತು ಎಣ್ಣೆ ಎರಡೇ ಸೇರಿ ನಿಮ್ಮ 200ರ ಹತ್ತಿರ ತಂದು ನಿಲ್ಲಿಸುತ್ತವೆ.

ಮೂರನೆಯದು ನಿಂತು ತಿನ್ನುವುದು. ನನ್ನ ಬಳಿ ಬರುವವರಿಗೆ ಒಂದು ವಾರ ತಿಂದದ್ದನ್ನೆಲ್ಲ ಬರೆದು ತರಲು ಹೇಳುತ್ತೇನೆ. ಪಟ್ಟಿ ನೋಡಿದರೆ ಋಷಿಮುನಿಗಳ ಆಹಾರ, ತೂಕ ಮಾತ್ರ ಜಗ್ಗುವುದಿಲ್ಲ. ಸುಳ್ಳು ಹೇಳುತ್ತಿದ್ದಾರೆ ಎಂದು ಬಹಳ ಕಾಲ ಒಳಗೊಳಗೇ ಅಂದುಕೊಂಡಿದ್ದೆ. ಆಮೇಲೊಮ್ಮೆ ನನ್ನದೇ ಪಟ್ಟಿ ಬರೆಯಲು ಕುಳಿತೆ. ಮೂರನೆಯ ದಿನ ರಾತ್ರಿ ಪಾತ್ರೆ ಎತ್ತಿಡುವಾಗ ತಳದಲ್ಲಿ ಉಳಿದಿದ್ದ ಎರಡು ಚಮಚ ಪಲ್ಯ ಚೆಲ್ಲುವುದೇಕೆ ಎಂದು ಬಾಯಿಗೆ ಹಾಕಿಕೊಂಡೆ. ಮಗು ಬಿಟ್ಟಿದ್ದ ಅರ್ಧ ಬಿಸ್ಕತ್ತು ಅದರ ಹಿಂದೆಯೇ ಹೋಯಿತು. ಫ್ರಿಜ್ಜಿನ ಬಾಗಿಲು ತೆರೆದು ಏಕೆ ತೆರೆದೆ ಎಂದು ಯೋಚಿಸುತ್ತ ಒಂದು ತುಂಡು ಸಿಹಿ. ದೀಪ ಆರಿಸಿ ಪಟ್ಟಿಯ ಮುಂದೆ ಕುಳಿತಾಗ ಆ ಮೂರರಲ್ಲಿ ಒಂದೂ ನೆನಪಿಗೆ ಬರಲಿಲ್ಲ, ಕೈಯಲ್ಲಿ ಅಂಟಿದ್ದ ಸಕ್ಕರೆ ಪೆನ್ನಿಗೆ ಹತ್ತಿದಾಗ ನೆನಪಾಯಿತು. ಅಂದಿನಿಂದ ಯಾರ ಪಟ್ಟಿಯನ್ನೂ ಸುಳ್ಳೆನ್ನುವುದಿಲ್ಲ. ಕುಳಿತು, ತಟ್ಟೆಗೆ ಹಾಕಿಕೊಂಡು ತಿಂದದ್ದು ಮಾತ್ರ ಊಟವೆಂದು ನೆನಪಿನಲ್ಲಿ ದಾಖಲಾಗುತ್ತದೆ. ಆದ್ದರಿಂದ ನಿಮಗೊಂದೇ ನಿಯಮ: ಏನು ಬೇಕಾದರೂ ತಿನ್ನಿ, ಕುಳಿತು ತಿನ್ನಿ. ಮೇಜಿನ ಮೇಲೆ ಕೈಗೆ ಸಿಗುವಂತಿರುವ ಡಬ್ಬಿಯನ್ನು ಎದ್ದು ಹೋಗಬೇಕಾದ ಕಪಾಟಿಗೆ ಸಾಗಿಸಿ. ಇದಕ್ಕೆ ಮನೋಬಲ ಬೇಕಾಗಿಲ್ಲ, ಒಂದು ಸ್ಟೂಲು ಸಾಕು.

ಊಟದ ವಿಷಯಕ್ಕೆ ಬಂದರೆ, ಇಂಥದ್ದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಹೊಟ್ಟೆ ತುಂಬಿಸುವ ಗುಣ ಎಲ್ಲ ಆಹಾರಕ್ಕೂ ಒಂದೇ ಅಲ್ಲ ಎಂಬುದನ್ನು ಬಳಸಿಕೊಳ್ಳಿ ಎನ್ನುತ್ತೇನೆ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ 38 ಬಗೆಯ ಆಹಾರಗಳನ್ನು ತಲಾ 240 ಕ್ಯಾಲೊರಿಯಂತೆ ಜನರಿಗೆ ಕೊಟ್ಟು, ಎರಡು ಗಂಟೆ ಕಾಲ ಹಸಿವನ್ನು ಅಳೆದರು. ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ತುಂಬಿಸಿದ್ದು ಯಾವುದು ಗೊತ್ತೇ? ಡಯಟ್ ಮಾಡುವವರು ಮೊದಲು ಬಹಿಷ್ಕಾರ ಹಾಕುವ ಆಲೂಗಡ್ಡೆ. ಬರೀ ಬೇಯಿಸಿದ್ದು, ಕರಿದದ್ದಲ್ಲ. ಅದು ಬಿಳಿ ಬ್ರೆಡ್ಡಿನ ಮೂರು ಪಟ್ಟು, ಬೆಣ್ಣೆಯ ಪದರಗಳ ಕ್ರೋಸಾಂಟ್‌ಗಿಂತ ಸುಮಾರು ಏಳು ಪಟ್ಟು ತೃಪ್ತಿ ಕೊಟ್ಟಿತು. ನೀರಿನಂಶ, ನಾರು, ಪ್ರೊಟೀನ್ ಹೆಚ್ಚಿದ್ದಷ್ಟೂ ಹೊಟ್ಟೆ ಬೇಗ ಸಾಕೆನ್ನುತ್ತದೆ. ಕೊಬ್ಬು ಮತ್ತು ನುಣುಪು ಹಿಟ್ಟು ಕೂಡಿದಷ್ಟೂ ತಡವಾಗಿ. ಹಾಗಾಗಿ ತಟ್ಟೆಗೆ ಮೊದಲು ಬೇಳೆಕಾಳು, ಮೊಟ್ಟೆ, ಮೀನು, ಮೊಸರು ಇವುಗಳಲ್ಲಿ ನಿಮಗೆ ಒಗ್ಗುವುದೊಂದು ಮತ್ತು ಧಾರಾಳವಾಗಿ ತರಕಾರಿ ಬರಲಿ; ಧಾನ್ಯ ಆಮೇಲೆ, ಉಳಿದ ಜಾಗಕ್ಕೆ. ಅಳತೆ ಬೇಡ, ಸರದಿ ಬದಲಾದರೆ ಸಾಕು.

ಪ್ಯಾಕೆಟ್ ತಿನಿಸಿನ ಬಗ್ಗೆ ಮಾತ್ರ ನಾನು ಸ್ವಲ್ಪ ಕಟುವಾಗಿಯೇ ಇದ್ದೇನೆ. 2019ರಲ್ಲಿ ಹಾಲ್ 20 ಜನರನ್ನು ಒಂದು ತಿಂಗಳು ಆಸ್ಪತ್ರೆಯಲ್ಲೇ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರ, ಎರಡು ವಾರ ಸಾದಾ ಅಡುಗೆ ಕೊಟ್ಟರು. ಬಡಿಸಿದ ಎರಡೂ ಬಗೆಯ ಊಟಗಳಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸರಿಸಮ. ಬೇಕಾದಷ್ಟು ತಿನ್ನುವ ಸ್ವಾತಂತ್ರ್ಯ ಎರಡರಲ್ಲೂ. ಪ್ಯಾಕೆಟ್ ಆಹಾರದ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ವೇಗವಾಗಿಯೂ ತಿಂದರು. ಎರಡು ವಾರಕ್ಕೆ ಸುಮಾರು ಒಂದು ಕಿಲೋ ಏರಿತು, ಸಾದಾ ಅಡುಗೆಯಲ್ಲಿ ಅಷ್ಟೇ ಇಳಿಯಿತು. ಯಾರೂ ಡಯಟ್ ಮಾಡಿರಲಿಲ್ಲ. ಮೆದುವಾಗಿರುವುದು ಬಾಯಲ್ಲಿ ನಿಲ್ಲುವುದಿಲ್ಲ, ಅಗಿಯುವ ಮೊದಲೇ ಗಂಟಲು ದಾಟಿರುತ್ತದೆ. ಸಾಕು ಎಂಬ ಸುದ್ದಿ ಹೊಟ್ಟೆಯಿಂದ ಮಿದುಳಿಗೆ ತಲುಪುವಷ್ಟರಲ್ಲಿ ಪ್ಯಾಕೆಟ್ ಖಾಲಿ.

ಇನ್ನು ವ್ಯಾಯಾಮ. ಬರೀ ವ್ಯಾಯಾಮದಿಂದ ತೂಕ ಇಳಿಸುತ್ತೇನೆಂದು ಹೊರಟವರಿಗೆ ಸಾಮಾನ್ಯವಾಗಿ ನಿರಾಸೆ ಕಾದಿರುತ್ತದೆ. ಅರ್ಧ ಗಂಟೆ ಬಿರುಸಾಗಿ ನಡೆದು ಕರಗಿಸಿದ್ದನ್ನು ಎರಡು ಮೂರು ಬಿಸ್ಕತ್ತು ಐದು ನಿಮಿಷದಲ್ಲಿ ತುಂಬಿಕೊಡುತ್ತವೆ. ಆದರೆ ಇಳಿದ ತೂಕ ಇಳಿದೇ ಇರಲು, ಮತ್ತು ತೂಕ ಒಂದು ಗ್ರಾಂ ಇಳಿಯದಿದ್ದರೂ ಹೃದಯ ಚೆನ್ನಾಗಿರಲು, ಚಲನೆಗೆ ಸಾಟಿಯಿಲ್ಲ. 1953ರಲ್ಲಿ ಜೆರೆಮಿ ಮಾರಿಸ್ ಎಂಬ ಸಂಶೋಧಕರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಹೋಲಿಸಿ ನೋಡಿದರು. ದಿನವಿಡೀ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಿಗಿಂತ ಕುಳಿತೇ ಇರುವ ಚಾಲಕರಲ್ಲಿ ಹೃದಯದ ಕಾಯಿಲೆ ಹೆಚ್ಚು. ಆಮೇಲೆ ಅವರು ಸಮವಸ್ತ್ರ ಹೊಲಿಸಿದ ದಾಖಲೆಗಳನ್ನೂ ಹುಡುಕಿಸಿದರು. ಚಾಲಕರ ಪ್ಯಾಂಟಿನ ಸೊಂಟದಳತೆಯೂ ದೊಡ್ಡದೇ ಇತ್ತು. ನೀವು ಆ ಚಾಲಕರ ಸೀಟಿನಲ್ಲಿ ಒಂಬತ್ತು ಗಂಟೆ ಕೂರುತ್ತಿದ್ದೀರಿ. 1999ರಲ್ಲಿ ಜೇಮ್ಸ್ ಲೆವಿನ್ ಎಂಬ ಸಂಶೋಧಕರು 16 ಜನರಿಗೆ ಎಂಟು ವಾರ ದಿನಕ್ಕೆ 1,000 ಕ್ಯಾಲೊರಿ ಹೆಚ್ಚುವರಿಯಾಗಿ ತಿನ್ನಿಸಿದಾಗ ಒಬ್ಬರಿಗೆ ಅರ್ಧ ಕಿಲೋ ಕೊಬ್ಬೂ ಸೇರಲಿಲ್ಲ, ಇನ್ನೊಬ್ಬರಿಗೆ ನಾಲ್ಕು ಕಿಲೋಗಿಂತ ಹೆಚ್ಚು ಸೇರಿತು. ವ್ಯತ್ಯಾಸ ಮಾಡಿದ್ದು ವ್ಯಾಯಾಮವಲ್ಲ. ಏಳುವುದು, ಓಡಾಡುವುದು, ಸುಮ್ಮನೆ ಕೂರಲಾರದ ಚಡಪಡಿಕೆ.

ಹತ್ತು ಸಾವಿರ ಹೆಜ್ಜೆಯ ಭೂತವನ್ನು ಬಿಟ್ಟುಬಿಡಿ. ಅದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಹರಡಿದ ಅಂಕಿ, ವೈದ್ಯರು ಕೊಟ್ಟದ್ದಲ್ಲ. 2019ರ ಒಂದು ದೊಡ್ಡ ಅಧ್ಯಯನದಲ್ಲಿ ವಯಸ್ಸಾದ ಮಹಿಳೆಯರಲ್ಲಿ ದಿನಕ್ಕೆ 2,700 ಹೆಜ್ಜೆಯವರಿಗಿಂತ 4,400 ಹೆಜ್ಜೆಯವರ ಮರಣದ ಪ್ರಮಾಣ ಶೇಕಡ 41ರಷ್ಟು ಕಡಿಮೆ ಇತ್ತು. 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಮಂಡಿ ನೋವಿರುವುದರಿಂದ ಊಟವಾದ ಮೇಲೆ ಹತ್ತು ನಿಮಿಷ ಸಮತಟ್ಟಾದ ಕಡೆ ನಡೆಯುವುದರಿಂದ ಶುರುಮಾಡಿ. ಊಟದ ನಂತರದ ಸಕ್ಕರೆಯ ಏರಿಕೆಯನ್ನೂ ಅದು ತಗ್ಗಿಸುತ್ತದೆ. ವಾರಕ್ಕೆರಡು ದಿನ ಕೈ ಆಸರೆಯಿಲ್ಲದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಿ. ನಗಬೇಡಿ, ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿಗೆ ಭಾರ ಕಡಿಮೆ. ಬರೀ ಹೊಟ್ಟೆ ಕಟ್ಟಿ ಇಳಿಸಿದ ತೂಕದಲ್ಲಿ ಸುಮಾರು ಕಾಲುಭಾಗ ಕೊಬ್ಬಲ್ಲ, ಅದರಲ್ಲಿ ಸ್ನಾಯುವೂ ಸೇರಿದೆ; ಮೂರು ಡಯಟ್‌ಗಳಲ್ಲಿ ನೀವು ಕಳೆದುಕೊಂಡದ್ದು ಅದನ್ನೂ ಕೂಡ.

ನಿದ್ರೆಯನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಕಡಿಮೆ ನಿದ್ರೆ ಮಾಡುತ್ತಿದ್ದ, ತೂಕ ಹೆಚ್ಚಿದ್ದ ಯುವಜನರಿಗೆ ಮಲಗುವ ಅಭ್ಯಾಸದ ಬಗ್ಗೆ ಸಲಹೆ ಮಾತ್ರ ಕೊಟ್ಟ ಪ್ರಯೋಗವೊಂದು 2022ರಲ್ಲಿ ಪ್ರಕಟವಾಯಿತು. ರಾತ್ರಿಗೆ ಒಂದೂಕಾಲು ಗಂಟೆಯ ಆಸುಪಾಸು ಹೆಚ್ಚು ನಿದ್ರೆ ಮಾಡಿದವರು ದಿನಕ್ಕೆ ಸುಮಾರು 270 ಕ್ಯಾಲೊರಿ ಕಡಿಮೆ ತಿಂದರು. ಊಟದ ಬಗ್ಗೆ ಅವರಿಗೆ ಒಂದು ಮಾತೂ ಹೇಳಿರಲಿಲ್ಲ.

ಇವನ್ನೆಲ್ಲ ಒಂದೇ ಸೋಮವಾರ ಆರಂಭಿಸಬೇಡಿ. ಒಂದನ್ನು ಹಿಡಿಯಿರಿ, ಅದು ಯೋಚಿಸದೆ ನಡೆಯುವಂತಾದ ಮೇಲೆ ಇನ್ನೊಂದು. ಅಭ್ಯಾಸ ಕೂರಲು 21 ದಿನ ಸಾಕು ಎಂಬುದು ಬಾಯಿಮಾತು. 2010ರಲ್ಲಿ ಲಂಡನ್ನಿನ ಸಂಶೋಧಕರು ನೋಡಿದಾಗ ಜನಕ್ಕೆ ತಕ್ಕಂತೆ 18ರಿಂದ 254 ದಿನ ಹಿಡಿಯುವ ಲೆಕ್ಕ ಸಿಕ್ಕಿತು, ಸರಾಸರಿ 66. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ. ತಕ್ಕಡಿಯನ್ನು ದಿನಾ ಹತ್ತಿದರೆ ಅದು ಹೇಳುವುದು ಹೆಚ್ಚಾಗಿ ನೀರಿನ ಸುದ್ದಿ. ಸಕ್ಕರೆಯನ್ನು ಮೈ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ, ಅದರ ಒಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿರುತ್ತದೆ. ಡಯಟ್‌ನ ಮೊದಲ ವಾರದಲ್ಲಿ ಮೂರು ಕಿಲೋ ಇಳಿದ ಪವಾಡ ಬಹುತೇಕ ಇದೇ. ವಾರಕ್ಕೊಮ್ಮೆ ತೂಗಿ, ತಿಂಗಳಿಗೊಮ್ಮೆ ಹೊಕ್ಕುಳ ಮಟ್ಟದಲ್ಲಿ ಸೊಂಟ ಅಳೆಯಿರಿ. ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು, ನಿಮಗೆ 82 ಸೆಂಟಿಮೀಟರ್.

ತೂಕ ಇಳಿಸುವ ಹೊಸ ಚುಚ್ಚುಮದ್ದುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಅವು ಕೆಲಸ ಮಾಡುತ್ತವೆ, ಹಸಿವಿನ ಸಂಕೇತವನ್ನೇ ತಗ್ಗಿಸುವುದರಿಂದ. ಆದರೆ ಅವುಗಳಲ್ಲೊಂದಾದ ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ ಇಳಿದ ತೂಕದ ಮೂರನೇ ಎರಡರಷ್ಟು ಮರಳಿ ಬಂದಿತ್ತು. ಕೆಲವರಿಗೆ ಅದು ಸರಿಯಾದ ಚಿಕಿತ್ಸೆಯೇ. ನಿಮಗೆ ಬೇಕೇ ಎಂಬುದನ್ನು ನಿಮ್ಮನ್ನು ಕೂರಿಸಿ ಪರೀಕ್ಷಿಸಿದ ವೈದ್ಯರು ಹೇಳಬೇಕು.

ವೈದ್ಯರ ಬಳಿ ಹೇಗೂ ಒಮ್ಮೆ ಹೋಗಿ ಬನ್ನಿ. ಮೂರು ತಿಂಗಳ ಸರಾಸರಿ ಸಕ್ಕರೆ, ಥೈರಾಯ್ಡ್, ರಕ್ತದೊತ್ತಡ, ಕೊಲೆಸ್ಟರಾಲ್ ನೋಡಿಸಿ. ಸ್ಟೀರಾಯ್ಡ್ ಅಥವಾ ಮಾನಸಿಕ ಆರೋಗ್ಯದ ಕೆಲವು ಮಾತ್ರೆಗಳು ತೂಕ ಏರಿಸುತ್ತವೆ. ಅಂಥವು ಇದ್ದರೆ ನೀವಾಗಿಯೇ ನಿಲ್ಲಿಸದೆ ಅವರೊಂದಿಗೆ ಮಾತಾಡಿ. ಜೋರಾಗಿ ಗೊರಕೆ ಹೊಡೆದು ಹಗಲಿಡೀ ತೂಕಡಿಸುವಂತಿದ್ದರೆ ಅದನ್ನೂ ಹೇಳಿ. ಯಾವ ಪ್ರಯತ್ನವೂ ಇಲ್ಲದೆ ತೂಕ ಇಳಿಯತೊಡಗಿದರೆ ಸಂತೋಷಪಡದೆ ಬೇಗ ತೋರಿಸಿ. ಮಂಡಿ ಊದಿಕೊಂಡಿದ್ದರೆ ಅಥವಾ ನಡೆಯುವಾಗ ಸಿಕ್ಕಿಹಾಕಿಕೊಂಡಂತಾದರೆ, ನಡಿಗೆ ಶುರುಮಾಡುವ ಮೊದಲೇ ಪರೀಕ್ಷೆ ಆಗಬೇಕು. ಸಕ್ಕರೆಯ ಪರೀಕ್ಷೆಯನ್ನು ಆರು ತಿಂಗಳ ನಂತರ ಮತ್ತೊಮ್ಮೆ ಮಾಡಿಸಿ, ಎರಡೂ ಅಂಕಿಗಳನ್ನು ಅಕ್ಕಪಕ್ಕ ಬರೆದಿಟ್ಟುಕೊಳ್ಳಿ.